ಶೀಟು ಬಿಚ್ಚುವ ದಿನ

— ಮನೆ ನೋಡಿಕೊಂಡು ಬಂದಿರಲ್ಲ ಚಿಕ್ಕಪ್ಪ, ಏನನ್ನಿಸ್ತು?

— ತಗೋಬಹುದು ಕಣಮ್ಮ. 1978ರ ಮನೆ. ಗೋಡೆ ಗಟ್ಟಿ ಇದೆ, ಬಾಗಿಲು ಕಿಟಕಿ ತೇಗದ್ದು, ಮುಂದಿನ ಭಾಗದ ಆರ್‌ಸಿಸಿ ಸುಮಾರಾಗಿದೆ. ಬಚ್ಚಲುಮನೆ ಮೇಲೆ ಕಂಬಿ ತುಕ್ಕು ಹಿಡಿದು ಗಾರೆ ಉದುರಿದೆ, ಅದೇನು ದೊಡ್ಡ ರಿಪೇರಿ ಅಲ್ಲ. ನಲವತ್ತು ಅರವತ್ತರ ಸೈಟು, ಅದೂ ಕುವೆಂಪುನಗರದಲ್ಲಿ. ಇನ್ನೇನು ಬೇಕು?

— ಹಿಂದುಗಡೆ ನೋಡಿದ್ರಾ?

— ನೋಡ್ದೆ. ಹಿಂದೆಲ್ಲ ಶೀಟು. ಪಾತ್ರೆ ತೊಳೆಯೋ ಜಾಗ, ಕಾರ್ ಶೆಡ್ಡು, ಮೇಲೊಂದು ಬಾಡಿಗೆ ರೂಮು. ಬೇಡದಿದ್ರೆ ಇಬ್ಬರು ಆಳು ಕರೆಸು. ಒಂದು ಹೊತ್ತಿನ ಕೆಲಸ, ಒಡೆದು ಹಾಕಿ ಹೋಗ್ತಾರೆ.

— ಆ ಒಂದು ಹೊತ್ತಿನ ಕೆಲಸಕ್ಕೇ ನಾನು ಹೆದರ್ತಿರೋದು. ಅದು ಆಸ್ಬೆಸ್ಟಾಸ್ ಶೀಟು.

— ಆಸ್ಬೆಸ್ಟಾಸೇ, ಅದರಲ್ಲಿ ಗುಟ್ಟೇನಿದೆ? ನಾನು ಸರ್ವೀಸಿನಲ್ಲಿದ್ದಾಗ ಎಷ್ಟು ಶಾಲೆಗೆ, ಎಷ್ಟು ಗೋಡೌನಿಗೆ, ಎಷ್ಟು ಸಂತೆ ಕಟ್ಟೆಗೆ ಈ ಆಸ್ಬೆಸ್ಟಾಸ್ ಸಿಮೆಂಟಿನ ಎ.ಸಿ. ಶೀಟು ಹಾಕ್ಸಿದೀನೋ. 2011ರ ಜನಗಣತಿಯಲ್ಲಿ ದೇಶದ ನೂರು ಮನೆಯಲ್ಲಿ ಸುಮಾರು ಹದಿನಾರು ಮನೆ ಮೇಲೆ ತಗಡೋ ಆಸ್ಬೆಸ್ಟಾಸೋ ಇತ್ತು. ನೀನು ಆಸ್ಟ್ರೇಲಿಯಾದಿಂದ ಬಂದವಳು ಅಂತ ಅವರೆಲ್ಲ ಮನೆ ಬಿಟ್ಟು ಬೀದಿಗೆ ಬರೋಕಾಗುತ್ತಾ?

— ಬೀದಿಗೆ ಬನ್ನಿ ಅಂತ ನಾನು ಹೇಳ್ಲಿಲ್ಲ. ಆದರೆ ನಾನಿದ್ದ ಕ್ಯಾನ್‌ಬೆರಾದಲ್ಲಿ ಜನ ನಿಜವಾಗ್ಲೂ ಮನೆ ಬಿಟ್ಟು ಹೊರಗೆ ಬಂದ್ರು. ನಮ್ಮ ಪಕ್ಕದ ಬೀದಿಯಲ್ಲೇ ಒಂದು ಮನೆಗೆ ಬೇಲಿ ಹಾಕಿ, ತಲೆಯಿಂದ ಕಾಲ್ತನಕ ಬಿಳಿ ಉಡುಪು ಹಾಕಿಕೊಂಡವರು ಒಳಗೆ ಹೋಗಿ ಬಂದು ಮಾಡೋರು. 1968ರಿಂದ 1979ರ ತನಕ ಅಲ್ಲಿ ಒಬ್ಬ ಗುತ್ತಿಗೆದಾರ ಚಳಿ ತಡೆಯೋದಕ್ಕೆ ಅಂತ ಮನೆಗಳ ಸೀಲಿಂಗಿನ ಮೇಲೆ ಆಸ್ಬೆಸ್ಟಾಸ್ ನಾರನ್ನ ಹಾಗೇ ಪೈಪಿನಲ್ಲಿ ಊದಿ ತುಂಬಿದ. ಜನ ಅದಕ್ಕೆ ‘ಮಿಸ್ಟರ್ ಫ್ಲಫಿ’ ಅಂತಾರೆ. ಸಾವಿರಕ್ಕೂ ಮೇಲೆ ಮನೆ. 1988ರಿಂದ 1993ರವರೆಗೆ ಸರ್ಕಾರವೇ ದುಡ್ಡು ಹಾಕಿ ಆ ಮನೆಗಳ ಅಟ್ಟ ಗುಡಿಸಿ ಖಾಲಿ ಮಾಡಿಸ್ತು. ಮುಗೀತು ಅಂದುಕೊಂಡು ಜನ ಮಾರಿದ್ರು, ಕೊಂಡ್ರು, ಮಕ್ಕಳನ್ನ ಬೆಳೆಸಿದ್ರು. ಇಪ್ಪತ್ತು ವರ್ಷ ಆದ ಮೇಲೆ ನೋಡಿದ್ರೆ ನಾರು ಗೋಡೆ ಸಂದಿಯಲ್ಲಿ ಇಳಿದು ಬೀರುವಿನೊಳಗೂ ಸಿಗ್ತು. ಕೊನೆಗೆ 2014ರಲ್ಲಿ ಅಲ್ಲಿನ ಸರ್ಕಾರ ಕೇಂದ್ರದಿಂದ 100 ಕೋಟಿ ಡಾಲರ್ ಸಾಲ ಎತ್ತಿ, ಅಷ್ಟೂ ಮನೆ ತಾನೇ ಕೊಂಡು ಕೆಡವೋ ತೀರ್ಮಾನಕ್ಕೆ ಬಂತು.

— ಅದು ಬೇರೆ, ಇದು ಬೇರೆ. ನೀನು ಎರಡನ್ನೂ ಒಂದೇ ಹಗ್ಗದಲ್ಲಿ ಕಟ್ತಿದೀಯ. ಅವನು ಊದಿದ್ದು ಬಿಡಿ ನಾರು, ಗಾಳಿ ಬಂದ್ರೆ ಎದ್ದೇಳುತ್ತೆ. ನಮ್ಮ ಶೀಟಿನಲ್ಲಿ ನಾರಿರೋದು ನೂರಕ್ಕೆ ಹತ್ತರ ಆಸುಪಾಸು, ಮಿಕ್ಕಿದ್ದೆಲ್ಲ ಸಿಮೆಂಟು. ಹಳ್ಳಿಯಲ್ಲಿ ಮಣ್ಣಿನ ಗೋಡೆಗೆ ಹುಲ್ಲು ಹಾಕಿ ತುಳೀತಾರಲ್ಲ, ಹುಲ್ಲು ಮಣ್ಣನ್ನ ಹಿಡಿದಿರುತ್ತೆ, ಮಣ್ಣು ಹುಲ್ಲನ್ನ ಹಿಡಿದಿರುತ್ತೆ, ಹಾಗೆ. 1901ರಲ್ಲಿ ಹ್ಯಾಟ್‌ಶೆಕ್ ಅನ್ನೋ ಆಸ್ಟ್ರಿಯಾದವನು ಪೇಟೆಂಟ್ ತಗೊಂಡಿದ್ದು ಇದಕ್ಕೇ. ಆರು ಮಿಲಿಮೀಟರ್ ದಪ್ಪದ ಹಾಳೆ, ಇಬ್ಬರು ಎತ್ತಿ ಏರಿಸಬಹುದು, ಬೆಂಕಿ ಹತ್ತಲ್ಲ, ಗೆದ್ದಲು ಮುಟ್ಟಲ್ಲ, ತುಕ್ಕು ಹಿಡಿಯಲ್ಲ. ಮಂಗಳೂರು ಹೆಂಚಿಗೆ ಎಷ್ಟು ಮರ ಬೇಕು, ಎಷ್ಟು ರೀಪು ಬೇಕು! ಇದಕ್ಕೆ ನಾಲ್ಕು ಪೈಪು ಸಾಕು. ಬಡವರ ಕೈಗೆ ಸಿಕ್ಕಿದ ಮೊದಲನೇ ಗಟ್ಟಿ ಸೂರು ಇದು. ಅದನ್ನ ಮರೀಬೇಡ.

— ಮರೆಯಲ್ಲ. ಸುಮ್ಮನೆ ಕೂತಿರೋ ಶೀಟಿನಿಂದ ಅಪಾಯ ಕಮ್ಮಿ ಅನ್ನೋದನ್ನೂ ಒಪ್ತೀನಿ. ಆಸ್ಟ್ರೇಲಿಯಾದವರೂ ಅದನ್ನೇ ಹೇಳ್ತಾರೆ. ಅಲ್ಲೂ 1990ಕ್ಕೆ ಮುಂಚಿನ ಮನೆ ಅಂದ್ರೆ ಸೂರಿನ ಅಂಚಿನಲ್ಲೋ, ಬಚ್ಚಲ ಗೋಡೆಯ ಟೈಲ್ಸ್ ಹಿಂದೋ, ಮೀಟರ್ ಬೋರ್ಡಿನ ಹಲಗೆಯಲ್ಲೋ ಇದ್ದೇ ಇರುತ್ತೆ ಅಂತ ಇಟ್ಕೊಂಡೇ ಕೊಳ್ತಾರೆ. ಒಡೆಯದೇ ಇರೋದನ್ನ ಕೆಣಕಬೇಡಿ, ಬಣ್ಣ ಹೊಡೆದು ಬಿಡಿ ಅಂತಾರೆ. ಆದರೆ ಈ ಮನೆಯಲ್ಲಿ ಅದು ಸುಮ್ಮನೆ ಕೂತಿಲ್ಲವಲ್ಲ. ಪಂಪ್ ಪಕ್ಕದಲ್ಲಿ ಗೋಡೆಗೆ ಒರಗಿಸಿದ ತುಂಡು ನೋಡಿದ್ರಾ?

— ಯಾವುದು, ಕೋತಿ ಹಾರಿ ಒಡೆದಿದ್ದು ಅಂದ್ರಲ್ಲ, ಅದಾ?

— ಅದೇ. ನಾನು ಕೂತು ನೋಡ್ದೆ, ಮುಟ್ಟಲಿಲ್ಲ. ಮೇಲ್ಮೈಯೆಲ್ಲ ಪಾಚಿ ಒಣಗಿ ಕಪ್ಪಾಗಿದೆ. ಮಳೆ ನೀರು ಹರಿದಿರೋ ಸುಕ್ಕಿನ ತಗ್ಗಿನಲ್ಲಿ ಸಿಮೆಂಟು ತೊಳೆದುಹೋಗಿ ಬೂದುಬಣ್ಣದ ಜೂಲು ಎದ್ದಿದೆ. ಮುರಿದ ಅಂಚಿನಲ್ಲಿ ಬಿಳಿ ಎಳೆಗಳು ಅರ್ಧ ಇಂಚು ಹೊರಗೆ ಚಾಚಿವೆ. ಕಣ್ಣಿಗೆ ಕಾಣೋ ಆ ಎಳೆ ಒಂದೊಂದೂ ಒಂದು ಕಟ್ಟು. ಅದು ಬಿಚ್ಚಿಕೊಂಡು ಬಿಚ್ಚಿಕೊಂಡು ಕೊನೆಗೆ ಉಳಿಯೋದು ಕಣ್ಣಿಗೆ ಕಾಣದಷ್ಟು ಸಣ್ಣದು. ಶ್ವಾಸಕೋಶದ ತಳಕ್ಕೆ ಇಳಿಯೋದು ಅದೇ. ಅದರ ಪಕ್ಕದಲ್ಲೇ ಬಾಡಿಗೆಯವರ ಮಗು ಸೈಕಲ್ ಹೊಡೀತಿತ್ತು.

— ಅದರ ಮೇಲೆ ಐಎಸ್‌ಐ ಗುರುತು ಇತ್ತಾ?

— ಅಳಿಸಿತ್ತು. ಯಾಕೆ?

— ಕಾರ್ ಶೆಡ್ಡಿನ ಒಳಗಡೆ ನಿಂತು ಮೇಲೆ ನೋಡಿದ್ರೆ ಒಂದು ಶೀಟಿನ ತಳದಲ್ಲಿ ಮುದ್ರೆ ಇನ್ನೂ ಇದೆ, ‘ಐಎಸ್ 459’. ಸುಕ್ಕಿನ ಆಸ್ಬೆಸ್ಟಾಸ್ ಸಿಮೆಂಟ್ ಶೀಟಿನ ನಂಬರು ಅದು. ಈಗ ಆಸ್ಬೆಸ್ಟಾಸ್ ಇಲ್ಲದ ಸಿಮೆಂಟ್ ಶೀಟೂ ಬರುತ್ತೆ, ಅದರ ನಂಬರೇ ಬೇರೆ. ಅಂಗಡಿಗೆ ಹೋದಾಗ ಮಾತು ಕೇಳೋದಲ್ಲ, ಮುದ್ರೆ ನೋಡೋದು. 1978ರದಕ್ಕೆ ಮುದ್ರೆಯೂ ಬೇಕಾಗಿಲ್ಲ ಬಿಡು, ಆಗ ಸಿಮೆಂಟ್ ಶೀಟು ಅಂದ್ರೆ ಇದೊಂದೇ.

— ಹಾಗಾದ್ರೆ ಲ್ಯಾಬಿಗೆ ಕಳಿಸೋದು ದಂಡ?

— ಸೂರಿನದಕ್ಕೆ ದಂಡ. ಆದರೆ ಇನ್ನೊಂದು ವಿಷಯ, ನೀನು ಅದನ್ನ ಗಮನಿಸಿಲ್ಲ ಅನ್ಸುತ್ತೆ. ಮೇಲಿನ ಬಾಡಿಗೆ ರೂಮಿನಲ್ಲಿ ಸೀಲಿಂಗ್ ಇದೆಯಲ್ಲ, ಚೌಕ ಚೌಕ ಮರದ ಪಟ್ಟಿ ಹೊಡೆದು ಸುಣ್ಣ ಬಳಿದಿರೋದು? ನೀನು ಪ್ಲೈವುಡ್ ಅಂದುಕೊಂಡಿರ್ತೀಯ. ಆ ಕಾಲದಲ್ಲಿ ಬಿಸಿಲಿನ ಕಾವು ತಡೆಯೋಕೆ ಪ್ಲೇನ್ ಎ.ಸಿ. ಶೀಟನ್ನೇ ಸೀಲಿಂಗಿಗೆ ಹೊಡೆಸ್ತಿದ್ರು. ಮೂಲೆಯ ಮಳೆನೀರಿನ ಪೈಪೂ ಅದೇ ಮಾಲು. ಸೀಲಿಂಗಿನದು ಅನುಮಾನ ಇದ್ರೆ ಬೇಕಾದ್ರೆ ಲ್ಯಾಬಿಗೆ ಕೊಡು.

— ಕೊಡ್ತೀನಿ. ಹೆಬ್ಬೆರಳಿನ ಉಗುರಿನಷ್ಟು ಚೂರು ಸಾಕು. ಮೊದಲು ನೀರು ಸಿಂಪಡಿಸಿ, ಮಾಸ್ಕ್ ಹಾಕಿಕೊಂಡು ಮೂಲೆಯಲ್ಲಿ ಮುರಿದು, ಜಿಪ್ ಕವರಿನಲ್ಲಿ ಹಾಕಿ, ಅದನ್ನ ಇನ್ನೊಂದು ಕವರಿನಲ್ಲಿ ಹಾಕೋದು. ತೆಗೆದ ಜಾಗಕ್ಕೆ ಬಣ್ಣವೋ ಟೇಪೋ ಹಚ್ಚಿ ಮುಚ್ಚೋದು. ಅವರು ಒಂದು ಬಗೆಯ ಸೂಕ್ಷ್ಮದರ್ಶಕದಲ್ಲಿ ನಾರಿನ ಮೇಲೆ ಬೆಳಕು ಹಾಯಿಸಿ ಯಾವ ಜಾತಿಯದು ಅಂತ ಹೇಳ್ತಾರೆ. ಬಿಳಿಯದು ಕ್ರೈಸೊಟೈಲ್, ಕಂದು ಅಮೊಸೈಟ್, ನೀಲಿ ಕ್ರೊಸಿಡೊಲೈಟ್.

— ಬಿಳಿಯದು ಅಷ್ಟೇನೂ ಕೆಟ್ಟದ್ದಲ್ಲ ಅಂತ ನಮಗೆ ಟ್ರೈನಿಂಗಿನಲ್ಲಿ ಹೇಳ್ತಿದ್ರು. ಜೋಪಾನವಾಗಿ ಬಳಸಿದ್ರೆ ಏನೂ ಆಗಲ್ಲ ಅಂತ.

— ನೀಲಿ, ಕಂದಿಗಿಂತ ಅದರ ಬಲ ಕಮ್ಮಿ ಇರಬಹುದು. ಆದರೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಎಲ್ಲ ಜಾತಿಯ ಆಸ್ಬೆಸ್ಟಾಸನ್ನೂ ಖಚಿತವಾಗಿ ಕ್ಯಾನ್ಸರ್ ತರೋ ಮೊದಲನೇ ಪಟ್ಟಿಯಲ್ಲೇ ಇಟ್ಟಿದೆ. ಬ್ರಿಟನ್ 1985ರಲ್ಲಿ ನೀಲಿ, ಕಂದು ನಿಲ್ಲಿಸಿ ಬಿಳಿಯದನ್ನ ಬಿಟ್ಟಿತ್ತು, 1999ರಲ್ಲಿ ಅದನ್ನೂ ನಿಲ್ಲಿಸ್ತು. ಆಸ್ಟ್ರೇಲಿಯಾ 2003ರ ಡಿಸೆಂಬರ್ 31ಕ್ಕೆ ಪೂರ್ತಿ ಬಾಗಿಲು ಹಾಕ್ತು. ಇನ್ನು ‘ಜೋಪಾನವಾಗಿ ಬಳಸಿದ್ರೆ’ ಅನ್ನೋ ಮಾತು. ಶೀಟು ಹಾಕೋವಾಗ ನಿಮ್ಮ ಸೈಟಿನಲ್ಲಿ ಹೇಗೆ ಕತ್ತರಿಸ್ತಿದ್ರು ಚಿಕ್ಕಪ್ಪ?

— ಮೊದಮೊದಲು ಗರಗಸ. ಆಮೇಲೆ ಗ್ರೈಂಡರ್ ಬಂತು. ಬ್ಲೇಡ್ ತಾಗಿದ್ರೆ ಬಿಳಿ ಧೂಳು ದಾರ ಬಿಟ್ಟ ಹಾಗೆ ಏಳೋದು. ಹುಡುಗರು ಟವಲ್ ಸುತ್ತಿಕೊಳ್ತಿದ್ರು. ಊಟಕ್ಕೆ ಕೂರೋವಾಗ ಅದೇ ಟವಲ್ಲಿನಲ್ಲಿ ಮುಖ ಒರೆಸಿಕೊಳ್ತಿದ್ರು.

— ಅವರಲ್ಲಿ ಎಷ್ಟು ಜನ ಈಗ ಎಲ್ಲಿದಾರೆ ಅಂತ ಗೊತ್ತಾ?

— ಹೇಗೆ ಗೊತ್ತಾಗುತ್ತೆ? ಇವತ್ತು ಟಿ. ನರಸೀಪುರದಲ್ಲಿ ಸೈಟು, ನಾಳೆ ಹುಣಸೂರಿನಲ್ಲಿ. ಮೇಸ್ತ್ರಿಯ ಕೂಲಿ ಪುಸ್ತಕದಲ್ಲಿ ಹೆಸರು, ಅದೂ ಅರ್ಧ.

— ಈ ಕಾಯಿಲೆಗೆ ಅದೇ ಅನುಕೂಲ. ಧೂಳು ಕುಡಿದ ದಿನಕ್ಕೂ ಕಾಯಿಲೆ ಕಾಣಿಸಿಕೊಳ್ಳೋ ದಿನಕ್ಕೂ ಮಧ್ಯೆ ಇಪ್ಪತ್ತರಿಂದ ನಲವತ್ತು ವರ್ಷ. ಆಸ್ಬೆಸ್ಟಾಸಿಸ್ ಅಂದ್ರೆ ಶ್ವಾಸಕೋಶ ಗಾಯದ ಕಲೆ ಕಟ್ಟಿ ಬಿಗಿಯಾಗೋದು. ಶ್ವಾಸಕೋಶದ ಕ್ಯಾನ್ಸರು ಇನ್ನೊಂದು. ಬೀಡಿ ಸೇದೋನಿಗೆ ಎರಡೂ ಸೇರಿ ಅಪಾಯ ಎಷ್ಟೋ ಪಟ್ಟು ಏರುತ್ತೆ. ಮೂರನೇದು ಮೆಸೊಥೆಲಿಯೋಮಾ, ಶ್ವಾಸಕೋಶದ ಹೊರಪೊರೆಯ ಕ್ಯಾನ್ಸರು. 1960ರಲ್ಲಿ ವ್ಯಾಗ್ನರ್ ಅನ್ನೋ ವೈದ್ಯರು, ಅವರ ಜೊತೆಯವರು ದಕ್ಷಿಣ ಆಫ್ರಿಕಾದ ನೀಲಿ ಆಸ್ಬೆಸ್ಟಾಸ್ ಗಣಿ ಸೀಮೆಯಿಂದ 33 ರೋಗಿಗಳ ವಿವರ ಬರೆದರು. ಅವರಲ್ಲಿ ಗಣಿಯೊಳಗೆ ಕಾಲೇ ಇಡದವರಿದ್ರು, ಮಕ್ಕಳಾಗಿದ್ದಾಗ ಆ ಸುತ್ತಮುತ್ತ ಬೆಳೆದವರು. ಪಂಪ್ ಪಕ್ಕದ ಆ ಮಗು ನೆನಪಾಗಿ ನಿದ್ದೆ ಬರಲಿಲ್ಲ ನನಗೆ.

— ಇರಮ್ಮ. ಗಣಿಯ ಧೂಳಿನಲ್ಲಿ ಬೆಳೆದ ಮಗುಗೂ ಒಂದು ಒಡೆದ ಶೀಟಿನ ಪಕ್ಕ ಆಡಿದ ಮಗುಗೂ ಲೆಕ್ಕ ಒಂದೇ ಅಲ್ಲ.

— ಅಲ್ಲ. ಎಷ್ಟು ಧೂಳು, ಎಷ್ಟು ದಿನ ಅನ್ನೋದರ ಮೇಲೆ ಅಪಾಯ. ಆ ಮಗುವಿಗೆ ಏನೋ ಆಗೇ ಹೋಯ್ತು ಅಂತ ಯಾವ ಡಾಕ್ಟರೂ ಹೇಳಲ್ಲ. ಆದರೆ ಇಷ್ಟು ಉಸಿರಾಡಿದ್ರೆ ಚಿಂತೆಯಿಲ್ಲ ಅಂತ ಗೆರೆ ಎಳೆದು ಕೊಡೋ ಡಾಕ್ಟರೂ ಇಲ್ಲ. ಆ ತುಂಡು ಅಲ್ಲಿಂದ ಹೋಗಬೇಕು ಅಷ್ಟೇ.

— ಇಷ್ಟು ಕೆಟ್ಟದ್ದಾದ್ರೆ ಸರ್ಕಾರ ಯಾಕೆ ಇವತ್ತಿಗೂ ಮಾರೋಕೆ ಬಿಟ್ಟಿದೆ? ನಾಳೆ ಬೆಳಗ್ಗೆ ದೇವರಾಜ ಅರಸ್ ರಸ್ತೆ ಕಡೆಯಿಂದ ಒಂದು ಸುತ್ತು ಹಾಕು, ಹಾರ್ಡ್‌ವೇರ್ ಅಂಗಡಿಯಲ್ಲಿ ಶೀಟು ಬೇಕು ಅಂದ್ರೆ ಸಂಜೆಗೆ ಮನೆ ಮುಂದೆ ಇಳಿಸ್ತಾರೆ.

— ಅದೇ ವಿಚಿತ್ರ. ನೆಲದಿಂದ ತೆಗೆಯೋದನ್ನ ನಿಲ್ಲಿಸಿದೀವಿ, ಹೊರಗಿಂದ ತರಿಸೋದನ್ನ ನಿಲ್ಲಿಸಿಲ್ಲ. ನಮ್ಮ ಹೊಳೆನರಸೀಪುರದ ಕಡೆಯೂ ಕಲ್ನಾರಿನ ನಿಕ್ಷೇಪ ಇದೆ. 1986ರಲ್ಲಿ ಕೇಂದ್ರ ಹೊಸ ಗಣಿ ಗುತ್ತಿಗೆ ಕೊಡೋದನ್ನ ನಿಲ್ಲಿಸ್ತು, 1993ರಲ್ಲಿ ಹಳೇ ಗುತ್ತಿಗೆ ನವೀಕರಣವನ್ನೂ ನಿಲ್ಲಿಸ್ತು. ಆದರೆ ರಷ್ಯಾ, ಕಜಕಸ್ತಾನ, ಬ್ರೆಜಿಲ್‌ನಿಂದ ಹಡಗಿನಲ್ಲಿ ಬರ್ತಾನೇ ಇದೆ. ಬ್ರೆಜಿಲ್ಲಿನ ಸುಪ್ರೀಂ ಕೋರ್ಟು 2017ರಲ್ಲಿ ತನ್ನ ದೇಶದಲ್ಲಿ ಬಳಸಬೇಡಿ ಅಂತು, ಅಲ್ಲಿನ ಗಣಿ ಆಮೇಲೂ ಹೊರದೇಶಕ್ಕೆ ಅಂತ ಅಗೀತಾನೇ ಹೋಯ್ತು.

— ನಮ್ಮ ಸುಪ್ರೀಂ ಕೋರ್ಟೂ ಏನೋ ಹೇಳಿತ್ತಲ್ಲ?

— 1995ರಲ್ಲಿ ಹೇಳಿತ್ತು. ಕಾರ್ಮಿಕನ ಆರೋಗ್ಯ ಅವನ ಬದುಕುವ ಹಕ್ಕಿನಲ್ಲೇ ಸೇರಿದೆ, ಆಸ್ಬೆಸ್ಟಾಸ್ ಕಾರ್ಖಾನೆಗಳು ಪ್ರತಿಯೊಬ್ಬರ ಆರೋಗ್ಯದ ದಾಖಲೆ ಕಮ್ಮಿ ಅಂದ್ರೂ 40 ವರ್ಷ ಇಡಬೇಕು ಅಂತ. ತುಂಬ ದೊಡ್ಡ ತೀರ್ಪು. ಆದರೆ ಅದು ತಲುಪೋದು ಕಾರ್ಖಾನೆ ಗೇಟಿನ ತನಕ. ನಿಮ್ಮ ಸೈಟಿನ ಗ್ರೈಂಡರ್ ಹುಡುಗನಿಗೆ ಯಾವ ದಾಖಲೆ? ಪೂರ್ತಿ ನಿಷೇಧ ಮಾಡಿ ಅಂತ ಹೋದ ಇನ್ನೊಂದು ಅರ್ಜಿಯನ್ನ 2011ರಲ್ಲಿ ಕೋರ್ಟು ಒಪ್ಪಲಿಲ್ಲ.

— ಹೋಗ್ಲಿ, ದೇಶದ ವಿಷಯ ಆಮೇಲೆ ನೋಡೋಣ. ನೀನೀಗ ಈ ಮನೆ ಬಿಡ್ತೀಯೋ, ಕೊಳ್ತೀಯೋ?

— ಕೊಳ್ಳೋ ಆಸೆ ಇದೆ. ಅದಕ್ಕೇ ನಿಮ್ಮ ಹತ್ರ ಬಂದಿದ್ದು. ಮಾರೋರ ಕೈಲೇ ರಿಜಿಸ್ಟ್ರೇಷನ್ನಿಗೆ ಮುಂಚೆ ಎಲ್ಲ ತೆಗೆಸಿಬಿಡಿ ಅಂತ ಬ್ರೋಕರ್‌ಗೆ ಹೇಳೋಣ ಅಂದುಕೊಂಡಿದೀನಿ.

— ಅದೊಂದು ಕೆಲಸ ಮಾತ್ರ ಮಾಡಬೇಡ.

— ಯಾಕೆ?

— ಅವರು ಏನು ಮಾಡ್ತಾರೆ ಅಂತ ನನಗೆ ಗೊತ್ತು. ಭಾನುವಾರ ಬೆಳಗ್ಗೆ ಅಗ್ಗದ ಆಳು ಇಬ್ಬರನ್ನ ಹತ್ತಿಸ್ತಾರೆ. ನಟ್ಟು ತುಕ್ಕು ಹಿಡಿದಿರುತ್ತೆ, ಬಿಚ್ಚೋಕೆ ತಾಳ್ಮೆ ಯಾರಿಗಿದೆ? ಸುತ್ತಿಗೆಯಲ್ಲಿ ಒಡೆದು ಕೆಳಕ್ಕೆ ಉದುರಿಸ್ತಾರೆ. ಪೊರಕೆ ಹಾಕಿ ಒಣ ಗುಡಿಸ್ತಾರೆ. ಆ ಪುಡಿ ನಿನ್ನ ಅಡುಗೆಮನೆ ಕಿಟಕಿಯ ಜಾಲರಿಯಲ್ಲಿ, ಅಂಗಳದ ಮಣ್ಣಿನಲ್ಲಿ, ನೀರಿನ ಸಂಪಿನ ಮುಚ್ಚಳದ ಮೇಲೆ ಇರುತ್ತೆ. ಸೋಮವಾರ ನಿನಗೆ ಖಾಲಿ ಜಾಗ ತೋರಿಸಿ, ನೋಡಮ್ಮ, ನೀವು ಹೇಳಿದ ಹಾಗೆ ತೆಗೆಸಿದೀವಿ ಅಂತಾರೆ. ಇದ್ದಿದ್ದಕ್ಕಿಂತ ಕೆಟ್ಟದ್ದನ್ನ ದುಡ್ಡು ಕೊಟ್ಟು ತಗೊಂಡ ಹಾಗಾಯ್ತು.

— ಇದು ನನಗೆ ಹೊಳೆದೇ ಇರಲಿಲ್ಲ.

— ನೀನು ಅಲ್ಲಿನ ಲೆಕ್ಕದಲ್ಲಿ ಯೋಚನೆ ಮಾಡ್ತಿದೀಯ. ಅಲ್ಲಿ ತೆಗೆಯೋಕೆ ಲೈಸೆನ್ಸ್ ಇರೋರು ಬರ್ತಾರೆ ಅಲ್ವಾ?

— ಹೌದು. ಬಿಡಿ ನಾರಿಗೆ ಒಂದು ದರ್ಜೆ ಲೈಸೆನ್ಸು, ಸಿಮೆಂಟಿನಲ್ಲಿ ಕಟ್ಟಿಕೊಂಡಿದ್ದಕ್ಕೆ ಇನ್ನೊಂದು. ಹೆಚ್ಚಿನ ರಾಜ್ಯಗಳಲ್ಲಿ ಹತ್ತು ಚದರ ಮೀಟರಿನ ತನಕ ಮನೆಯವರೇ ತೆಗೆಯಬಹುದು. ಅದರ ಮೇಲಾದ್ರೆ ಲೈಸೆನ್ಸಿನವರೇ ಬೇಕು.

— ಇಲ್ಲಿ ನಿನಗೆ ಸಿಗೋದು ಮೇಸ್ತ್ರಿ. ಆದ್ದರಿಂದ ಕೆಲಸ ನಿನ್ನ ಕೈಯಲ್ಲೇ, ನಿನ್ನ ಕಣ್ಣೆದುರೇ ಆಗಬೇಕು. ಬೆಲೆಯಲ್ಲಿ ಅದರ ಖರ್ಚನ್ನ ಕಡಿಮೆ ಮಾಡಿಸು. ಶೀಟಿನ ಭಾಗಕ್ಕೆ ಬ್ಯಾಂಕಿನ ವ್ಯಾಲ್ಯುಯರೂ ಹೆಚ್ಚು ಬೆಲೆ ಕಟ್ಟೋದಿಲ್ಲ, ಅದನ್ನ ಮುಂದಿಟ್ಟೇ ಚೌಕಾಸಿ ಮಾಡು. ಕೊಂಡ ಮೇಲೆ ತಕರಾರು ತೆಗೀತೀನಿ ಅಂತ ಮಾತ್ರ ಅಂದುಕೋಬೇಡ.

— ವಕೀಲರೂ ಅದನ್ನೇ ಅಂದ್ರು. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಸೆಕ್ಷನ್ ಪ್ರಕಾರ, ಕೊಳ್ಳೋರು ಸಾಮಾನ್ಯ ಎಚ್ಚರದಿಂದ ನೋಡಿದ್ರೂ ಕಾಣದಿರೋ ದೊಡ್ಡ ದೋಷ ಇದ್ದು, ಅದು ಮಾರೋರಿಗೆ ಗೊತ್ತಿದ್ರೆ ಅವರು ಹೇಳಲೇಬೇಕು. ಸೂರಿನ ಮೇಲೆ ಎದ್ದು ಕಾಣೋ ಶೀಟನ್ನ ‘ಕಾಣದ ದೋಷ’ ಅಂತ ಯಾವ ಕೋರ್ಟಿನಲ್ಲೂ ಸಾಧಿಸೋಕಾಗಲ್ಲ.

— ಸರಿಯಾಗಿ ಹೇಳಿದಾರೆ. ಈಗ ಒಂದೊಂದಾಗಿ ನೋಡು. ಕಾರ್ ಶೆಡ್ಡಿನ ಶೀಟು ಬಿರುಕಿಲ್ಲ, ಹಾಗೇ ಇರಲಿ. ಮಳೆನೀರಿನ ಪೈಪೂ ಇರಲಿ, ಅದಕ್ಕೆ ಡ್ರಿಲ್ ಹಾಕಿ ಲೈಟು ಹೊಡೆಸಬೇಡ ಅಷ್ಟೇ. ತೆಗೆಯಬೇಕಾದ್ದು ಪಾತ್ರೆ ತೊಳೆಯೋ ಜಾಗದ್ದು. ಅಲ್ಲಿ ಎರಡು ಶೀಟು ಸೀಳಿದೆ, ಮೇಲೆ ಟಾರ್ಪಾಲು ಹೊದೆಸಿ ಇಟ್ಟಿಗೆ ಇಟ್ಟಿದಾರೆ.

— ಬಾಡಿಗೆ ರೂಮು?

— ಅದರ ಮೇಲಿನ ಶೀಟು ಚೆನ್ನಾಗೇ ಇದೆ. ಆದರೆ ಕೆಳಗಿನ ಸೀಲಿಂಗಿಗೆ ಬಾಡಿಗೆಗೆ ಬಂದೋರೆಲ್ಲ ಮೊಳೆ ಹೊಡೀತಾರೆ. ಕೇಬಲ್ಲಿಗೆ ಒಂದು, ಸೊಳ್ಳೆಪರದೆಗೆ ನಾಲ್ಕು, ದೀಪಾವಳಿಯ ಸೀರಿಯಲ್ ಸೆಟ್ಟಿಗೆ ಹನ್ನೆರಡು.

— ಅಂದ್ರೆ ಮೇಲಿನ ಶೀಟೂ ಸೇರಿ ಅದನ್ನೂ ತೆಗೆಸೋಣ. ಇಲ್ಲದಿದ್ರೆ ನಾನು ಬಾಡಿಗೆಗೆ ಕೊಡಲ್ಲ. ನಾನು ಹೆದರಿಕೊಂಡಿರೋದನ್ನ ಇನ್ನೊಬ್ಬರ ತಲೆ ಮೇಲಿಟ್ಟು ತಿಂಗಳ ಮೊದಲನೇ ತಾರೀಕು ದುಡ್ಡು ಎಣಿಸೋದು ಸರಿ ಬರಲ್ಲ.

— ಬಿಚ್ಚೋದಕ್ಕೆ ಒಂದು ಕ್ರಮ ಇದೆ. ನಾನೇ ನಿಂತು ಮಾಡಿಸ್ತೀನಿ. ಮೊದಲು ಜನ ಬೀಳದ ಹಾಗೆ ನೋಡಬೇಕು. ನಿನಗೆ ನಾರಿನ ಭಯ, ನನಗೆ ಬೀಳೋ ಭಯ. ಹಳೇ ಶೀಟಿನ ಮೇಲೆ ಕಾಲಿಟ್ಟು ನೇರ ಕೆಳಕ್ಕೆ ಹೋದೋರನ್ನ ನಾನು ನೋಡಿದೀನಿ. ಶೀಟಿನ ಮೇಲೆ ನಡೆಯೋದೇ ಬೇಡ, ಕೆಳಗಿನಿಂದ ಸಾರುವೆ ಕಟ್ಟಿ ಕೆಲಸ ಮಾಡ್ಲಿ. ಮೇಲೆ ಹೋಗಲೇಬೇಕಾದ್ರೆ ಅಡ್ಡ ಪೈಪುಗಳ ಮೇಲೆ ಬರೋ ಹಾಗೆ ಹಲಗೆ ಹಾಸಿ, ಸೊಂಟಕ್ಕೆ ಹಗ್ಗ.

— ಒದ್ದೆ ಮಾಡೋದು ಯಾವಾಗ?

— ಮುಟ್ಟೋಕೆ ಮುಂಚೆ. ಗಿಡಕ್ಕೆ ಔಷಧಿ ಹೊಡೆಯೋ ಸ್ಪ್ರೇಯರ್ ಹೊಸದೊಂದು ತಗೋ.

— ನೀರಿಗೆ ಸ್ವಲ್ಪ ಪಾತ್ರೆ ತೊಳೆಯೋ ಸೋಪಿನ ದ್ರವ ಬೆರೆಸಬೇಕು, ಆಗ ನೀರು ನಾರಿನೊಳಗೆ ಇಳಿಯುತ್ತೆ. ಮೆಲ್ಲಗೆ ಸಿಂಪಡಿಸಬೇಕು. ಪಾಚಿ ಹೋಗ್ಲಿ ಅಂತ ಪ್ರೆಷರ್ ಪಂಪಿನಲ್ಲಿ ಮಾತ್ರ ಹೊಡೆಯಬಾರದು, ಅದು ಮೇಲ್ಮೈಯನ್ನೇ ಕಿತ್ತು ಹಾರಿಸುತ್ತೆ.

— ಕೂಡದು. ಆಮೇಲೆ ಜೆ-ಹುಕ್ಕು. ಮೇಲಿನ ನಟ್ಟಿಗೆ ಎಣ್ಣೆ ಬಿಟ್ಟು ಸ್ಪ್ಯಾನರ್ ಹಾಕಿ ನೋಡ್ಲಿ. ಬರದಿದ್ರೆ ಕೆಳಗಿನಿಂದ ಹುಕ್ಕನ್ನೇ ಬೋಲ್ಟ್ ಕಟ್ಟರಿನಲ್ಲಿ ಕತ್ತರಿಸಲಿ. ಗ್ರೈಂಡರ್ ಆ ದಿನ ಕಾಂಪೌಂಡಿನ ಒಳಗೇ ಬರಬಾರದು. ಶೀಟು ಇಡಿಯಾಗಿ ಕೆಳಗೆ ಇಳಿಯಬೇಕು, ಇಬ್ಬರ ಕೈಯಿಂದ ಇಬ್ಬರ ಕೈಗೆ. ಆಮೇಲೆ ಗಟ್ಟರಿನ ಕೆಸರು. ಮಳೆ ತೊಳೆದ ನಾರೆಲ್ಲ ಬಂದು ಕೂತಿರೋದು ಅಲ್ಲಿ. ಅದನ್ನ ಒಣಗೋಕೆ ಬಿಡದೆ ಒದ್ದೆಯಲ್ಲೇ ಬಾಚಿ ತೆಗೆಯಬೇಕು.

— ನೆಲಕ್ಕೆಲ್ಲ ದಪ್ಪ ಪಾಲಿಥೀನ್ ಹಾಸೋಣ, 200 ಮೈಕ್ರಾನಿನದು. ಅದೇ ಹಾಳೆಯಲ್ಲಿ ಶೀಟನ್ನ ಎರಡು ಸುತ್ತು ಸುತ್ತಿ ಟೇಪ್ ಹಾಕಿ, ಮೇಲೆ ಕನ್ನಡದಲ್ಲಿ ದೊಡ್ಡದಾಗಿ ಬರೆಯೋಣ. ಪೊರಕೆ ಬೇಡ, ಮನೆಯ ವ್ಯಾಕ್ಯೂಮ್ ಕ್ಲೀನರ್ ಬೇಡ, ಅದರ ಹಿಂದಿನ ತೂತಿನಿಂದ ಸಣ್ಣ ನಾರೆಲ್ಲ ಮತ್ತೆ ಹೊರಗೆ ಬರುತ್ತೆ. ಒದ್ದೆ ಬಟ್ಟೆಯಲ್ಲಿ ಒರೆಸಿ ಆ ಬಟ್ಟೆಯನ್ನೂ ಅದರ ಜೊತೆಗೇ ಕಟ್ಟೋದು. ಹುಡುಗರಿಗೆ ಫಿಲ್ಟರ್ ಇರೋ ಒಳ್ಳೇ ಮಾಸ್ಕು, ಬಳಸಿ ಬಿಸಾಡೋ ಮೇಲಂಗಿ ನಾನು ತರಿಸ್ತೀನಿ. ಗಡ್ಡ ಬಿಟ್ಟೋರಿಗೆ ಮಾಸ್ಕು ಮುಖಕ್ಕೆ ಕೂರಲ್ಲ, ಮೊದಲೇ ಹೇಳಬೇಕು.

— ಹಾಕಿಕೊಳ್ಳಲ್ಲ ಅವರು. ಸೆಖೆ ಅಂತಾರೆ, ಹತ್ತು ನಿಮಿಷಕ್ಕೆ ಕುತ್ತಿಗೆಗೆ ಇಳಿಸ್ತಾರೆ.

— ಹಾಗಾದ್ರೆ ಬಿಸಿಲೇರೋಕೆ ಮುಂಚೆ ಬೆಳಗ್ಗೆ ಮೂರು ಗಂಟೆ ಹೊತ್ತು ಮಾತ್ರ ಕೆಲಸ, ಕೂಲಿ ಪೂರ್ತಿ ದಿನದ್ದು. ಮುಗಿದ ಮೇಲೆ ಇಲ್ಲೇ ಸ್ನಾನ, ಇಲ್ಲೇ ಬೇರೆ ಬಟ್ಟೆ. ಆ ಧೂಳಿನ ಬಟ್ಟೆ ಮನೆಗೆ ಹೋಗಬಾರದು. ಗಂಡನ ಕೆಲಸದ ಬಟ್ಟೆ ಒಗೆದೇ ಈ ಕಾಯಿಲೆ ತಂದುಕೊಂಡ ಹೆಂಗಸರು ಬ್ರಿಟನ್ನಿನಲ್ಲೂ ಆಸ್ಟ್ರೇಲಿಯಾದಲ್ಲೂ ಇದಾರೆ.

— ಖರ್ಚು ಎರಡರಷ್ಟಾಗುತ್ತೆ.

— ಅದಕ್ಕೇ ತಾನೇ ಬೆಲೆ ಇಳಿಸಿ ಅನ್ನೋದು? ಇಷ್ಟು ವರ್ಷ ಶೀಟು ಅಗ್ಗ ಆಗಿದ್ದು ಈ ಖರ್ಚನ್ನ ಯಾರೂ ಬರೆದುಕೊಳ್ಳದೆ ಇದ್ದಿದ್ದರಿಂದ. ಗ್ರೈಂಡರ್ ಹುಡುಗ ಅದನ್ನ ತನ್ನ ಎದೆಯಲ್ಲಿ ಬರೆದುಕೊಂಡು ಹೋದ.

— ಅದು ನಿಜ... ಸರಿ. ಇನ್ನು ಸುತ್ತಿಟ್ಟ ಶೀಟನ್ನ ಎಲ್ಲಿ ಹಾಕ್ತೀಯ? ಗುಜರಿಯವನು ಇಡೀ ಶೀಟಾದ್ರೆ ಖುಷಿಯಿಂದ ತಗೊಂಡು ಹೋಗ್ತಾನೆ. ನಂಜನಗೂಡಿನ ಕಡೆ ಯಾರದೋ ದನದ ಕೊಟ್ಟಿಗೆ ಮೇಲೆ ಅದು ಇನ್ನಿಪ್ಪತ್ತು ವರ್ಷ ಇರುತ್ತೆ. ಒಡೆದಿದ್ದಾದ್ರೆ ರಿಂಗ್ ರೋಡಿನ ಪಕ್ಕ ಸುರೀತಾರೆ, ಇಲ್ಲಾಂದ್ರೆ ಹೊಸ ಲೇಔಟಿನ ರಸ್ತೆ ಗುಂಡಿಗೆ.

— ಗುಜರಿಗೆ ಕೊಡಲ್ಲ. ಅಲ್ಲಿ ಮತ್ತೆ ಯಾರೋ ಅದಕ್ಕೆ ತೂತು ಹೊಡೀತಾರೆ.

— ದಾಬಸ್‌ಪೇಟೆ ಹತ್ರ ಅಪಾಯಕಾರಿ ತ್ಯಾಜ್ಯ ಹೂಳೋ ಜಾಗ ಇದೆ. ಆದರೆ ಅದು ಕಾರ್ಖಾನೆಗಳಿಗೆ ಅಂತ ಮಾಡಿದ್ದು. ಲೋಡು ಲೆಕ್ಕದಲ್ಲಿ ವ್ಯವಹಾರ. ಹದಿನೈದು ಶೀಟು ಹಿಡ್ಕೊಂಡು ಹೋದ ಮನೆಯವಳನ್ನ ಗೇಟಿನಲ್ಲಿ ವಿಚಿತ್ರವಾಗಿ ನೋಡ್ತಾರೆ.

— ನೋಡ್ಲಿ. ಮಾಲಿನ್ಯ ನಿಯಂತ್ರಣ ಮಂಡಳಿಯ ಇಲ್ಲಿನ ಕಚೇರಿಗೆ ಮೊದಲೇ ಕಾಗದ ಬರೀತೀನಿ, ನಗರಪಾಲಿಕೆಗೂ ಒಂದು ಪ್ರತಿ. ಉತ್ತರ ಬರೋ ತನಕ ಸುತ್ತಿದ ಕಟ್ಟುಗಳು ಕಾರ್ ಶೆಡ್ಡಿನ ಹಿಂದೆ, ನೆಲದಿಂದ ಎತ್ತರಿಸಿ ಇಟ್ಟಿರ್ತೀನಿ. ಒದ್ದೆಯಾಗದ, ಒಡೆಯದ ಹಾಗೆ ಇಟ್ರೆ ಅದು ಯಾರಿಗೂ ಏನೂ ಮಾಡಲ್ಲ.

— ವರ್ಷಗಟ್ಟಲೆ ಅಲ್ಲೇ ಇರುತ್ತೆ ನೋಡು.

— ಇರಲಿ. ರಸ್ತೆ ಗುಂಡಿಗಿಂತ ವಾಸಿ.

— ಮೇಲೆ ಏನು ಹಾಕ್ತೀಯ? ಮತ್ತೆ ಶೀಟು ಅಂತೂ ಅಲ್ಲ.

— ರೂಮಿಗೆ ಆರ್‌ಸಿಸಿ ಹಾಕಿಸೋಣ, ತಳಪಾಯ ತಡೆಯುತ್ತಾ ನೀವೇ ಹೇಳಬೇಕು. ಪಾತ್ರೆ ತೊಳೆಯೋ ಜಾಗಕ್ಕೆ ಹೆಂಚು.

— ಹೆಂಚಿಗೆ ಇಳಿಜಾರು ಜಾಸ್ತಿ ಬೇಕು, ಗೋಡೆ ಏರಿಸಬೇಕಾಗುತ್ತೆ. ಬಣ್ಣದ ತಗಡು ಹಾಕ್ಸು, ಅದರ ಕೆಳಗೆ ಕಾವು ತಡೆಯೋ ಒಂದು ಪದರ. ಮಳೆ ಸದ್ದು ಜಾಸ್ತಿ ಬರುತ್ತೆ ಅಂತ ನಿಮ್ಮ ಚಿಕ್ಕಮ್ಮ ಗೊಣಗ್ತಾಳೆ, ಅವಳೇನು ಅಲ್ಲಿ ಮಲಗಲ್ಲವಲ್ಲ. ಕೆಲಸ ಮಾತ್ರ ಮಳೆಗಾಲದಲ್ಲಿ ಬೇಡ. ಒದ್ದೆ ಇರುತ್ತೆ, ಧೂಳು ಏಳಲ್ಲ ಅಂತ ನಿನಗೆ ಆಸೆ ಆಗಬಹುದು, ಆದರೆ ಪಾಚಿ ಮೇಲೆ ಕಾಲು ನಿಲ್ಲಲ್ಲ. ದಸರಾ ಕಳೆದು ಮಳೆ ಬಿಟ್ಟ ಮೇಲೆ, ಗಾಳಿ ಇಲ್ಲದ ದಿನ ನೋಡಿ ಶುರು ಮಾಡೋಣ. ಅಕ್ಕಪಕ್ಕದ ಮನೆಗೆ ಹಿಂದಿನ ದಿನವೇ ಹೇಳಬೇಕು, ಕಿಟಕಿ ಹಾಕ್ಕೊಳ್ಳಿ, ಬಟ್ಟೆ ಒಣಹಾಕಬೇಡಿ ಅಂತ.

— ಹೇಳಿದ್ರೆ ಜಗಳಕ್ಕೆ ಬರಲ್ವಾ?

— ಬರಬಹುದು. ಅವರ ಮನೆ ಹಿಂದೆಯೂ ಶೀಟೇ ಇದೆ, ನಾನು ಇಣುಕಿ ನೋಡಿದೀನಿ. ಬಂದು ನಿಂತು ನೋಡಲಿ, ಅವರದ್ದನ್ನ ತೆಗೆಸೋ ದಿನಕ್ಕೆ ಉಪಯೋಗಕ್ಕೆ ಬರುತ್ತೆ. ಈಗ ಒಂದು ಕಾಗದ ತಗೋ, ಅಗ್ರಿಮೆಂಟಿಗೆ ಸೇರಿಸೋ ಮಾತು ಬರಕೋ. ‘ಹಿಂಭಾಗದ ಆಸ್ಬೆಸ್ಟಾಸ್ ಸಿಮೆಂಟ್ ಶೀಟಿನ ಮೇಲ್ಛಾವಣಿ ಹಾಗೂ ಒಳಛಾವಣಿಯನ್ನು ಇದ್ದ ಸ್ಥಿತಿಯಲ್ಲಿಯೇ ಹಸ್ತಾಂತರಿಸತಕ್ಕದ್ದು. ನೋಂದಣಿಗೆ ಮುಂಚೆ ಮಾರಾಟಗಾರರು ಸದರಿ ಶೀಟುಗಳನ್ನು ಒಡೆಯುವುದಾಗಲಿ, ಕೊರೆಯುವುದಾಗಲಿ, ಬಿಚ್ಚುವುದಾಗಲಿ ಮಾಡತಕ್ಕದ್ದಲ್ಲ.’

— ಪಂಪ್ ಪಕ್ಕದ ಒಡೆದ ತುಂಡಿಗೂ ಇದೇ ಅನ್ವಯ ಆಗುತ್ತಾ? ಅದನ್ನ ನಾನು ಅಷ್ಟು ದಿನ ಬಿಡಲಾರೆ.

— ಅದಕ್ಕೆ ಅಗ್ರಿಮೆಂಟ್ ಯಾಕೆ? ನಾಳೆ ಬೆಳಗ್ಗೆ ಮಾರೋರಿಗೆ ಒಂದು ಫೋನ್ ಮಾಡಿ ಹೇಳು, ಆಮೇಲೆ ಸ್ಪ್ರೇಯರೂ ಪಾಲಿಥೀನೂ ತಗೊಂಡು ಇಬ್ಬರೂ ಹೋಗೋಣ. ಬಾಡಿಗೆಯವರು ಆ ಹೊತ್ತಿಗೆ ಮಗುನ ಸ್ಕೂಲಿಗೆ ಬಿಟ್ಟು ಬಂದಿರ್ತಾರೆ.